14 ಪಾಠ, 23 ದಿನ: ನನ್ನ ಸ್ಲೈಡುಗಳು ವಿಡಿಯೊ ಆದ ಕಥೆ

ಮೊನ್ನೆ ರಾತ್ರಿ ಕೊನೆಯ ವಿಡಿಯೊ ಅಪ್‌ಲೋಡ್ ಆಯಿತು. ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಂದು ವಾರಾಂತ್ಯದಲ್ಲಿ ಮುಗಿಸಿಬಿಡ್ತೀನಿ ಅಂತ ಮನೆಯಲ್ಲಿ ಹೇಳಿಕೊಂಡಿದ್ದ ಕೆಲಸ 23 ದಿನ ತಿಂದಿತ್ತು. ನೆನಪು ಹಸಿಯಾಗಿರುವಾಗಲೇ ಬರೆದಿಟ್ಟರೆ ಇದೇ ದಾರಿಯಲ್ಲಿ ಬರುವವರಿಗೆ ನಾಲ್ಕು ದಿನವಾದರೂ ಉಳಿದೀತು ಅಂತ ಕೂತಿದ್ದೇನೆ.

ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ತರಗತಿಗೆ ಬರಲಾಗದವರಿಗೆ ಅಂತ ಪವರ್‌ಪಾಯಿಂಟ್‌ನಲ್ಲಿ ಪಾಠ ಮಾಡಿ, ಒಂದೊಂದು ಸ್ಲೈಡಿಗೂ ನನ್ನ ಧ್ವನಿ ಸೇರಿಸಿ ಇಟ್ಟಿದ್ದೆ. ಒಟ್ಟು 14 ಫೈಲು. ಒಂದೊಂದೂ 12ರಿಂದ 25 ನಿಮಿಷದ್ದು. ಎಲ್ಲ ಸೇರಿ ನಾಲ್ಕೂವರೆ ಗಂಟೆ. ಅವನ್ನೇ ಇಷ್ಟು ದಿನ ಹಾಗೇ ಕಳಿಸುತ್ತಿದ್ದೆ. ಈ ಸಲ ಒಬ್ಬ ಹುಡುಗಿ ಮೆಸೇಜ್ ಮಾಡಿದಳು: "ಸರ್, ಫೋನಲ್ಲಿ ಸ್ಲೈಡ್ ಕಾಣ್ತಿದೆ, ನಿಮ್ಮ ಮಾತು ಬರ್ತಿಲ್ಲ. ನೀವು ಏನಾದ್ರೂ ಹೇಳಿದೀರಾ ಅಥವಾ ಓದ್ಕೋಬೇಕಾ?"

ಅಂದರೆ ಇಷ್ಟು ವರ್ಷ ಎಷ್ಟು ಜನ ನನ್ನ ಮೂಕ ಪಾಠ ನೋಡಿದರೋ ಗೊತ್ತಿಲ್ಲ. ಕೇಳಿದವಳು ಇವಳೊಬ್ಬಳು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ನಿಜ ಹೇಳ್ತೀನಿ. ಎಲ್ಲವನ್ನೂ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿಬಿಡೋಣ, ಲಿಂಕ್ ಒತ್ತಿದರೆ ಯಾವ ಫೋನಲ್ಲಾದರೂ ಓಡಬೇಕು ಅಂತ ತೀರ್ಮಾನ ಮಾಡಿದೆ.

ಮೊದಲು ಮಾಡಿದ್ದು ದಡ್ಡ ಕೆಲಸ. ಸ್ಲೈಡ್ ಶೋ ಓಡಿಸಿ, ಅದನ್ನು ಸ್ಕ್ರೀನ್ ರೆಕಾರ್ಡಿಂಗ್ ಮಾಡಲು ಹೊರಟೆ. 20 ನಿಮಿಷದ ಪಾಠಕ್ಕೆ 20 ನಿಮಿಷ ಉಸಿರು ಬಿಗಿಹಿಡಿದು ಕೂರಬೇಕು. 17ನೇ ನಿಮಿಷಕ್ಕೆ ಮೂಲೆಯಲ್ಲಿ ಯಾರದೋ ಮೆಸೇಜು ಪುಟಕ್ಕನೆ ಎದ್ದಿತು. ಇನ್ನೊಮ್ಮೆ ಮಾಡಿದೆ. ಈ ಸಲ ಮೈಕ್ ಆಫ್ ಮಾಡಲು ಮರೆತಿದ್ದೆ, ಸ್ಪೀಕರಿನಿಂದ ಬಂದ ನನ್ನ ಹಳೆಯ ಧ್ವನಿ ಮತ್ತೆ ಮೈಕಿಗೆ ಹೋಗಿ, ಬಾವಿಯೊಳಗಿಂದ ಇಬ್ಬರು ಒಟ್ಟಿಗೆ ಪಾಠ ಮಾಡಿದ ಹಾಗೆ ಕೇಳಿಸಿತು. ಎರಡು ಸಂಜೆ ಹಾಳು.

ಮಾರನೇ ದಿನ ಸಹೋದ್ಯೋಗಿಯೊಬ್ಬರ ಹತ್ತಿರ ಗೋಳು ಹೇಳಿಕೊಂಡೆ. ಅವರು ನಕ್ಕು, "ಫೈಲ್ ಮೆನುಗೆ ಹೋಗಿ, ಎಕ್ಸ್‌ಪೋರ್ಟ್ ಒತ್ತಿ, ಕ್ರಿಯೇಟ್ ಎ ವಿಡಿಯೊ ಅಂತ ಅಲ್ಲೇ ಇದೆಯಲ್ಲ ಸರ್" ಅಂದರು. ಪವರ್‌ಪಾಯಿಂಟ್‌ನಲ್ಲಿ ಈ ಸೌಲಭ್ಯ 2010ರ ಆವೃತ್ತಿಯಿಂದಲೇ ಇದೆಯಂತೆ. ಆಗ ಡಬ್ಲ್ಯುಎಂವಿ ಅನ್ನುವ ಬಗೆಯ ವಿಡಿಯೊ ಫೈಲು ಮಾತ್ರ ಬರುತ್ತಿತ್ತು, 2013ರಿಂದ ಎಂಪಿ4 ಕೂಡ ಬರುತ್ತದೆ. ಇಷ್ಟು ವರ್ಷ ಅದೇ ಮೆನುವಿನಲ್ಲಿ ಪ್ರಿಂಟ್ ಒತ್ತುತ್ತಾ ಬಂದವನು ನಾನು, ಪಕ್ಕದಲ್ಲಿದ್ದದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಸರಿ, ಖುಷಿಯಿಂದ ಎಕ್ಸ್‌ಪೋರ್ಟ್ ಒತ್ತಿದೆ. ಅಲ್ಲಿ ಎರಡು ಆಯ್ಕೆ ಮುಖ್ಯ. ಒಂದು ಗಾತ್ರ: 4ಕೆ, ಫುಲ್ ಎಚ್‌ಡಿ, ಎಚ್‌ಡಿ, ಸ್ಟ್ಯಾಂಡರ್ಡ್. ಇನ್ನೊಂದು, ರೆಕಾರ್ಡ್ ಮಾಡಿದ ಸಮಯ ಮತ್ತು ನಿರೂಪಣೆಯನ್ನು ಬಳಸಬೇಕೋ ಬೇಡವೋ ಎಂಬುದು. ಇದನ್ನು 'ಬಳಸು' ಅಂತಲೇ ಇಡಬೇಕು. 'ಬೇಡ' ಅಂತಿದ್ದರೆ ನಿಮ್ಮ ಧ್ವನಿಯೇ ವಿಡಿಯೊಗೆ ಬರುವುದಿಲ್ಲ, ಸ್ಲೈಡುಗಳು ಐದೈದು ಸೆಕೆಂಡಿಗೆ ಸರಸರ ಸರಿಯುತ್ತವೆ.

ಗಾತ್ರದ ವಿಷಯದಲ್ಲಿ ನನಗೂ ಆಸೆ ಹುಟ್ಟಿತು. ದೊಡ್ಡದು ಇರುವಾಗ ಚಿಕ್ಕದು ಯಾಕೆ ಅಂತ 4ಕೆ ಕೊಟ್ಟೆ. ಫುಲ್ ಎಚ್‌ಡಿ ಅಂದರೆ 1920 ಅಡ್ಡ, 1080 ಉದ್ದದ ಚುಕ್ಕಿಗಳು. 4ಕೆ ಅಂದರೆ ಅದರ ನಾಲ್ಕು ಪಟ್ಟು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಏದುಸಿರು ಬಂತು. ಫ್ಯಾನು ಕಿರುಚುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ಹಸಿರು ಗೆರೆ ಇರುವೆಯ ಹಾಗೆ ಹರಿಯುತ್ತಿತ್ತು. ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪ್ ತಾನೂ ಮಲಗಿತ್ತು, ಫೈಲು ಅರ್ಧಕ್ಕೇ ನಿಂತಿತ್ತು. ಎಕ್ಸ್‌ಪೋರ್ಟ್‌ಗೆ ಮುಂಚೆ ಸ್ಲೀಪ್ ಆಗದಂತೆ ಸೆಟ್ಟಿಂಗ್ ಬದಲಿಸಿ, ಚಾರ್ಜರ್ ಹಾಕಿಡಿ, ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ. ಹಸಿರು ಗೆರೆ ಮುಗಿಯುವ ತನಕ ಪವರ್‌ಪಾಯಿಂಟ್ ಮುಚ್ಚಬೇಡಿ. ಆಮೇಲೆ ಎಲ್ಲವನ್ನೂ ಫುಲ್ ಎಚ್‌ಡಿಯಲ್ಲೇ ಮಾಡಿದೆ. 20 ನಿಮಿಷದ ಪಾಠಕ್ಕೆ ನನ್ನ ಯಂತ್ರದಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಕ್ಷರ, ಸೂತ್ರ, ಕೋಷ್ಟಕ ಇರುವ ಪಾಠಕ್ಕೆ ಅದು ಧಾರಾಳ ಸಾಕು. ಅದಕ್ಕಿಂತ ಕೆಳಗಿನ ಎಚ್‌ಡಿಯಲ್ಲಿ, ಅಂದರೆ 720ರಲ್ಲಿ, ಒಂದು ಮಾಡಿ ನೋಡಿದೆ, ಸೂತ್ರದ ಸಣ್ಣ ಅಕ್ಷರಗಳು ಮಸುಕಾದವು.

ಮೊದಲ ವಿಡಿಯೊ ಕೈಗೆ ಬಂತು. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದೆ. ಎರಡು ನಿಮಿಷ ಆಗಿರಲಿಲ್ಲ, "ಅಪ್ಪಾ, ನೀನು ಪ್ರತಿ ಸ್ಲೈಡಲ್ಲೂ ಅರ್ಧ ಮಾತಿಂದ ಶುರು ಮಾಡ್ತೀಯಲ್ಲ ಯಾಕೆ?" ಅಂದಳು.

ಹೌದು. 'ಸರಾಸರಿ ಅಂದರೆ' ಅನ್ನುವುದು 'ಸರಿ ಅಂದರೆ' ಆಗಿತ್ತು. ಎಲ್ಲ ಸ್ಲೈಡಿನಲ್ಲೂ ಮೊದಲ ಅರ್ಧ ಪದ ಮಾಯ. ಎಕ್ಸ್‌ಪೋರ್ಟ್‌ನಲ್ಲಿ ಏನೋ ಎಡವಟ್ಟಾಗಿದೆ ಅಂತ ಮತ್ತೆ ಮಾಡಿದೆ. ಮತ್ತೆ ಅದೇ. ಮೂಲ ಫೈಲು ತೆರೆದು ಕೇಳಿದರೆ ಅಲ್ಲೂ ಅದೇ!

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಉಳಿದ ಅರ್ಧ ತಲೆನೋವು ಇದೇ ವಿಷಯದಿಂದ ಹುಟ್ಟಿದ್ದು. ನಾನು ಅಂದುಕೊಂಡಿದ್ದು, ಪವರ್‌ಪಾಯಿಂಟ್ ನನ್ನ ಮಾತನ್ನು ಟೇಪ್ ರೆಕಾರ್ಡರಿನ ಹಾಗೆ ಒಂದೇ ಉದ್ದಕ್ಕೆ ಹಿಡಿದಿರುತ್ತೆ ಅಂತ. ಹಾಗಲ್ಲ. ಅದು ಒಂದೊಂದು ಸ್ಲೈಡಿಗೆ ಒಂದೊಂದು ಪ್ರತ್ಯೇಕ ಧ್ವನಿ ತುಣುಕು ಮಾಡಿ ಆಯಾ ಸ್ಲೈಡಿಗೇ ಅಂಟಿಸುತ್ತದೆ. ಸ್ಲೈಡಿನ ಮೂಲೆಯಲ್ಲಿ ಕಾಣುವ ಪುಟ್ಟ ಸ್ಪೀಕರ್ ಚಿತ್ರ ಅದೇ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹಾಯುವ ಹೊತ್ತಿನಲ್ಲಿ ಅದು ಏನನ್ನೂ ಹಿಡಿಯುವುದಿಲ್ಲ. ಮೈಕ್ರೊಸಾಫ್ಟ್‌ನ ಸಹಾಯ ಪುಟದಲ್ಲೇ ಇದನ್ನು ಬರೆದಿದ್ದಾರೆ, ಓದದೇ ಇದ್ದದ್ದು ನಾನು. ನನಗೋ ತರಗತಿಯ ಅಭ್ಯಾಸ, ಬೋರ್ಡ್ ಒರೆಸುತ್ತಲೇ ಮುಂದಿನ ಮಾತು ಶುರು. ಬಟನ್ ಒತ್ತುತ್ತಲೇ ಮಾತಾಡುತ್ತಿದ್ದೆ. ಅದರ ಮೇಲೆ ಚೆಂದಕ್ಕೆ ಅಂತ ಸ್ಲೈಡು ಕರಗಿ ಬರುವ ಟ್ರಾನ್ಸಿಷನ್ ಬೇರೆ ಹಾಕಿದ್ದೆ. ಅದು ಕರಗಿ ಮುಗಿಯುವಷ್ಟರಲ್ಲಿ ನನ್ನ ಪದವೂ ಕರಗಿರುತ್ತಿತ್ತು.

ಹೊಸದಾಗಿ ರೆಕಾರ್ಡ್ ಮಾಡುವವರು ಸ್ಲೈಡ್ ಬದಲಾದ ಮೇಲೆ ಮನಸ್ಸಿನಲ್ಲಿ ಒಂದು, ಎರಡು ಅಂತ ಎಣಿಸಿ ಮಾತು ಶುರು ಮಾಡಿ. ಮಾತು ಮುಗಿದ ಮೇಲೂ ಒಂದು ಕ್ಷಣ ಬಿಟ್ಟು ಮುಂದಕ್ಕೆ ಒತ್ತಿ. ಟ್ರಾನ್ಸಿಷನ್‌ಗಳನ್ನು ಕಿತ್ತು ಬಿಸಾಕಿ.

ನನ್ನದು ಹಳೆಯ ರೆಕಾರ್ಡಿಂಗು. ಎಲ್ಲವನ್ನೂ ಮತ್ತೆ ಹೇಳುವ ಧೈರ್ಯ ಇರಲಿಲ್ಲ. ಅರ್ಥವೇ ಕೆಡುವಂಥ ಸ್ಲೈಡುಗಳನ್ನು ಮಾತ್ರ ಆರಿಸಿದೆ, 61 ಆಯಿತು. ಅವನ್ನು ಒಂದೊಂದಾಗಿ ಮತ್ತೆ ರೆಕಾರ್ಡ್ ಮಾಡಬಹುದು, ಈಗಿನ ಸ್ಲೈಡಿನಿಂದ ಶುರು ಅನ್ನುವ ಆಯ್ಕೆ ಇದೆ. ಆದರೆ ಅಲ್ಲೂ ಬಿದ್ದೆ. 8ನೇ ಸ್ಲೈಡ್ ಹೇಳಿ ಮುಗಿಸಿ, ಅಭ್ಯಾಸಬಲದಿಂದ ಮುಂದಕ್ಕೆ ಒತ್ತಿ, ಆಮೇಲೆ ನಿಲ್ಲಿಸಿದೆ. 9ನೇ ಸ್ಲೈಡಿನ ಹಳೆಯ ಮಾತಿನ ಜಾಗದಲ್ಲಿ ಎರಡು ಸೆಕೆಂಡಿನ ಮೌನ ಕೂತಿತು. ಚೆನ್ನಾಗಿ ಬಂದಿದ್ದ ನಾಲ್ಕು ನಿಮಿಷದ ವಿವರಣೆ ಹೋಯಿತು. ಮೂಲ ಫೈಲಿನ ನಕಲು ಇಟ್ಟುಕೊಂಡಿದ್ದೆನಾ? ಇಲ್ಲ. ಅವತ್ತು ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ, ಸುಮ್ಮನೆ ಎದ್ದು ಹೋಗಿ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ನೀವು ಶುರು ಮಾಡುವ ಮುಂಚೆಯೇ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಪಕ್ಕಕ್ಕಿಡಿ. ಒಂದು ಸ್ಲೈಡ್ ತಿದ್ದುವಾಗ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲಿಸಿ.

ಇದಾದ ಮೇಲೆ ಇನ್ನೊಂದು ಬಗೆಯ ಫೈಲುಗಳು ಸಿಕ್ಕವು. ಮೂರು ಪಾಠಗಳಲ್ಲಿ ನಾನು ಪವರ್‌ಪಾಯಿಂಟ್ ಒಳಗೆ ರೆಕಾರ್ಡ್ ಮಾಡದೆ, ಫೋನಿನಲ್ಲಿ ಮಾತಾಡಿ, ಆ ಆಡಿಯೊವನ್ನು ತಂದು ಸ್ಲೈಡಿಗೆ ಸೇರಿಸಿದ್ದೆ. ಸ್ಪೀಕರ್ ಚಿತ್ರ ಒತ್ತಿದರೆ ಮಾತು ಬರುವ ಹಾಗೆ. ವಿಡಿಯೊದಲ್ಲಿ ಒತ್ತುವವರು ಯಾರು? ಆ ಸ್ಲೈಡುಗಳಿಗೆ ಸಮಯವೂ ದಾಖಲಾಗಿರಲಿಲ್ಲ. ಐದು ಸೆಕೆಂಡ್ ಮೌನವಾಗಿ ನಿಂತು ಹೊರಟುಹೋದವು. ಪರಿಹಾರ ಏನಪ್ಪಾ ಅಂದ್ರೆ, ಸ್ಪೀಕರ್ ಚಿತ್ರ ಆರಿಸಿ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಸ್ಟಾರ್ಟ್ ಅನ್ನುವುದನ್ನು ಆಟೊಮ್ಯಾಟಿಕಲಿ ಮಾಡಬೇಕು, ಶೋ ನಡೆಯುವಾಗ ಆ ಚಿತ್ರ ಕಾಣದ ಹಾಗೆ ಟಿಕ್ ಹಾಕಬೇಕು, ಆಮೇಲೆ ಟ್ರಾನ್ಸಿಷನ್ಸ್ ಟ್ಯಾಬ್‌ಗೆ ಹೋಗಿ ಆಫ್ಟರ್ ಅನ್ನುವಲ್ಲಿ ಆಡಿಯೊ ಎಷ್ಟು ಉದ್ದ ಇದೆಯೋ ಅದಕ್ಕಿಂತ ಒಂದೆರಡು ಸೆಕೆಂಡ್ ಜಾಸ್ತಿ ಸಮಯ ಕೊಡಬೇಕು. 70ಕ್ಕೂ ಹೆಚ್ಚು ಸ್ಲೈಡಿಗೆ ಕೈಯಾರೆ ಮಾಡಿದೆ. ಒಂದು ಭಾನುವಾರ ಪೂರ್ತಿ.

ಈ ಹಂತದಲ್ಲಿ ಬೇಸತ್ತು ಒಂದು ವೆಬ್‌ಸೈಟಿಗೂ ಹೋಗಿದ್ದೆ. ಫೈಲು ಕೊಡಿ, ವಿಡಿಯೊ ತಗೊಳ್ಳಿ ಅಂತ ದೊಡ್ಡದಾಗಿ ಬರೆದಿತ್ತು. 140 ಎಂಬಿ ಫೈಲು ಕಳಿಸಿ ಕಾದು ಕಾದು ಕೊನೆಗೆ ಬಂದದ್ದು ಧ್ವನಿಯಿಲ್ಲದ ವಿಡಿಯೊ, ಮೇಲೆ ಅವರ ಮುದ್ರೆ. ಮುದ್ರೆ ತೆಗೆಯಲು ದುಡ್ಡು ಕೇಳಿತು. ಧ್ವನಿಯ ಬಗ್ಗೆ ಮಾತಿಲ್ಲ. ನಿಮ್ಮ ಹತ್ತಿರ ಪವರ್‌ಪಾಯಿಂಟ್ ಇದ್ದರೆ ಇಂಥ ಕಡೆ ಹೋಗುವ ಅಗತ್ಯವೇ ಇಲ್ಲ.

ಇನ್ನು ಧ್ವನಿ. ಇದರ ಮೇಲೆಯೇ ನನಗೆ ಅತಿ ಹೆಚ್ಚು ದಿನ ಹೋದದ್ದು, ಹೋಗಬೇಕಾದದ್ದೂ ಇದರ ಮೇಲೆಯೇ. ಸ್ಲೈಡು ಸ್ವಲ್ಪ ಹಳೇ ಮಾದರಿಯಾದರೂ ಜನ ನೋಡುತ್ತಾರೆ. ಗೊರಗೊರ ಧ್ವನಿಯನ್ನು ಎರಡು ನಿಮಿಷಕ್ಕಿಂತ ಜಾಸ್ತಿ ಯಾರೂ ಸಹಿಸಲ್ಲ, ನಾನೇ ಸಹಿಸಲಿಲ್ಲ. ಹಳೆಯ ಪಾಠಗಳಲ್ಲಿ ಮೂರು ಬಗೆಯ ನಾನು ಇದ್ದೆ: ಲ್ಯಾಪ್‌ಟಾಪಿನ ಮೈಕಿನಲ್ಲಿ ದೂರದಿಂದ ಮಾತಾಡುವವನು, ಫೋನಿನಲ್ಲಿ ಕಿವಿಯ ಹತ್ತಿರ ಬಂದು ಕಿರುಚುವವನು, ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಡಬ್ಬದೊಳಗಿಂದ ಮಾತಾಡುವವನು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಆನ್ ಆದ ತಕ್ಷಣ ಅದು ಫೋನ್ ಕರೆಯ ಮಟ್ಟದ ಧ್ವನಿಗೆ ಇಳಿದುಬಿಡುತ್ತದೆ, ಹಾಡು ಎಷ್ಟೇ ಚೆನ್ನಾಗಿ ಕೇಳಿಸಲಿ. ಅದರ ಬದಲು ಫೋನಿನ ಜೊತೆ ಬರುವ ವೈರಿನ ಇಯರ್‌ಫೋನೇ ವಾಸಿ.

ಹೊಸದಾಗಿ ಹೇಳಿದ ಸ್ಲೈಡುಗಳಿಗೆ ಅಂಗಿಗೆ ಸಿಕ್ಕಿಸುವ ವೈರಿನ ಮೈಕ್ ಒಂದನ್ನು ಕೊಂಡೆ. ಇಡೀ ಕೆಲಸಕ್ಕೆ ನಾನು ಕೈಯಿಂದ ದುಡ್ಡು ಹಾಕಿದ್ದು ಅದೊಂದಕ್ಕೇ, ಇಂಟರ್ನೆಟ್ ಡೇಟಾ ಬಿಟ್ಟರೆ. ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಫ್ಯಾನ್ ಆರಿಸಿ, ಬಟ್ಟೆಯ ಬೀರು ಬಾಗಿಲು ತೆರೆದು ಅದರ ಮುಂದೆ ಕೂತು ಮಾತಾಡಿದೆ. ನಗಬೇಡಿ, ಮಡಚಿಟ್ಟ ಬಟ್ಟೆಗಳು ಗೋಡೆಯ ಮಾರ್ದನಿಯನ್ನು ಚೆನ್ನಾಗಿ ನುಂಗುತ್ತವೆ. ಸೆಕೆಗೆ ಬೆವರು ಇಳಿಯುತ್ತಿತ್ತು ಅನ್ನೋದು ಬೇರೆ ಮಾತು.

ಹಳೆಯ ಧ್ವನಿಯನ್ನು ತೊಳೆಯಲು ಆಡಾಸಿಟಿ ಅನ್ನುವ, ಧ್ವನಿ ತಿದ್ದುವ ತಂತ್ರಾಂಶ ಬಳಸಿದೆ. ಉಚಿತ. ಆದರೆ ಸ್ಲೈಡಿನೊಳಗಿನ ಧ್ವನಿಯನ್ನು ಮೊದಲು ಹೊರಗೆ ತೆಗೆಯಬೇಕಲ್ಲ. ಪವರ್‌ಪಾಯಿಂಟ್‌ನ ಪಿಪಿಟಿಎಕ್ಸ್ ಫೈಲು ಅನ್ನುವುದು ನಿಜಕ್ಕೂ ಒಂದು ಜಿಪ್ ಪೊಟ್ಟಣ. ನಕಲು ಮಾಡಿ, ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿ ಬಿಚ್ಚಿದರೆ ಒಳಗೆ ಪಿಪಿಟಿ ಅನ್ನುವ ಫೋಲ್ಡರ್, ಅದರೊಳಗೆ ಮೀಡಿಯಾ ಅನ್ನುವ ಫೋಲ್ಡರ್, ಅಲ್ಲಿ ಎಲ್ಲ ಸ್ಲೈಡಿನ ಧ್ವನಿ ತುಣುಕುಗಳೂ ಸಾಲಾಗಿ ಇರುತ್ತವೆ. ಇದನ್ನು ಕಂಡುಕೊಂಡಾಗ ನಿಧಿ ಸಿಕ್ಕಷ್ಟು ಸಂತೋಷ ಆಯಿತು. ಅರ್ಧ ಗಂಟೆಯಲ್ಲಿ ಸಂತೋಷ ಇಳಿಯಿತು. ಆ ತುಣುಕುಗಳ ಸಂಖ್ಯೆಗೂ ಸ್ಲೈಡಿನ ಸಂಖ್ಯೆಗೂ ನನ್ನ ಫೈಲುಗಳಲ್ಲಿ ತಾಳೆಯೇ ಇರಲಿಲ್ಲ. ಒಂದೊಂದನ್ನೂ ತೊಳೆದು ವಾಪಸ್ ಆಯಾ ಸ್ಲೈಡಿಗೆ ಕೂರಿಸುವುದು ಹುಚ್ಚುತನ.

ಕೊನೆಗೆ ಉಲ್ಟಾ ದಾರಿ ಹಿಡಿದೆ. ಮೊದಲು ಹಾಗೇ ವಿಡಿಯೊ ಮಾಡಿಕೊಂಡೆ. ಆ ವಿಡಿಯೊದಿಂದ ಇಡೀ ಧ್ವನಿಯನ್ನು ಒಂದೇ ಪಟ್ಟಿಯಾಗಿ ಹೊರಗೆ ತೆಗೆದೆ. ಆಡಾಸಿಟಿಯಲ್ಲಿ ತೊಳೆದೆ. ತೊಳೆದ ಧ್ವನಿಯನ್ನು ಅದೇ ವಿಡಿಯೊಗೆ ವಾಪಸ್ ಜೋಡಿಸಿದೆ. ತೆಗೆಯಲೂ ಜೋಡಿಸಲೂ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಧನ ಇದೆ. ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆಯಬೇಕು ಅಂತ ಹೆದರಿದ್ದೆ, ಒಂದೇ ಸಾಲಿನ ಕೆಲಸ. ಚಿತ್ರವನ್ನು ಮುಟ್ಟದೆ ಧ್ವನಿ ಮಾತ್ರ ಬದಲಿಸಲು ಹೇಳಿದರೆ 20 ನಿಮಿಷದ ವಿಡಿಯೊ ಕೆಲವೇ ಸೆಕೆಂಡುಗಳಲ್ಲಿ ಸಿದ್ಧ. ಆಜ್ಞೆ ಬೇಡ ಅನ್ನುವವರಿಗೆ ಶಾಟ್‌ಕಟ್ ಥರದ ಉಚಿತ ಎಡಿಟರುಗಳಿವೆ, ಅವು ಇಡೀ ವಿಡಿಯೊವನ್ನು ಮತ್ತೆ ಬೇಯಿಸುವುದರಿಂದ ಸಮಯ ಜಾಸ್ತಿ ಹಿಡಿಯುತ್ತದೆ.

ತೊಳೆಯುವುದು ಅಂದರೆ, ನಾನು ಮಾತಾಡದೆ ಬರೀ ಫ್ಯಾನ್ ಸದ್ದು ಇರುವ ಒಂದೆರಡು ಸೆಕೆಂಡನ್ನು ಆರಿಸಿ, ಇದೇ ಗದ್ದಲ ನೋಡು ಅಂತ ಆಡಾಸಿಟಿಗೆ ತೋರಿಸಿ, ಆಮೇಲೆ ಇಡೀ ಪಟ್ಟಿಗೆ ನಾಯ್ಸ್ ರಿಡಕ್ಷನ್ ಓಡಿಸುವುದು. ಮೊದಲ ಉತ್ಸಾಹಕ್ಕೆ ಜೋರಾಗಿ ಓಡಿಸಿದೆ, ಫ್ಯಾನ್ ಪೂರ್ತಿ ಹೋಯಿತು, ಜೊತೆಗೆ ನಾನು ನೀರೊಳಗೆ ಮುಳುಗಿದ ಹಾಗಾಯಿತು. ಸ್ವಲ್ಪ ಫ್ಯಾನ್ ಉಳಿದರೆ ಉಳಿಯಲಿ ಬಿಡಿ. ಆಮೇಲೆ ಧ್ವನಿಯ ಮಟ್ಟ ಸಮ ಮಾಡಿದೆ. ಯೂಟ್ಯೂಬ್ ಜೋರಾದ ಧ್ವನಿಯನ್ನು ತಾನೇ ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಏರಿಸುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಏರಿಸುವ ಕೆಲಸ ನಮ್ಮದೇ.

ಒಂದು ಎಚ್ಚರಿಕೆ. ಧ್ವನಿಯ ಉದ್ದ ಒಂದು ಸೆಕೆಂಡೂ ಬದಲಾಗಬಾರದು. ಇದು ಗೊತ್ತಿದ್ದೂ ನಾನು ಜಾಣತನ ತೋರಿಸಲು ಹೋಗಿ, ಮಾತಿನ ನಡುವಿನ ಮೌನಗಳನ್ನು ತಾನೇ ಕತ್ತರಿಸುವ ಟ್ರಂಕೇಟ್ ಸೈಲೆನ್ಸ್ ಅನ್ನುವುದನ್ನು ಒತ್ತಿದೆ. ಕೇಳಲು ಬಹಳ ಚುರುಕಾಗಿತ್ತು. ವಿಡಿಯೊಗೆ ಜೋಡಿಸಿದರೆ ಹತ್ತನೇ ನಿಮಿಷಕ್ಕೆ ನಾನು ಎರಡು ಸ್ಲೈಡ್ ಮುಂದೆ ಓಡುತ್ತಿದ್ದೆ, ತೆರೆಯ ಮೇಲೆ ಇನ್ನೂ ಮಧ್ಯಾಂಕ, ಬಾಯಲ್ಲಿ ಆಗಲೇ ಮಾನಕ ವಿಚಲನೆ.

ಐದು ಪಾಠಗಳ ಸ್ಲೈಡು ಹಳೆಯ 4:3 ಅಳತೆಯವು, ಅಂದರೆ ಅಗಲ ಕಡಿಮೆ, ಚೌಕಕ್ಕೆ ಹತ್ತಿರ. ವಿಡಿಯೊವನ್ನು ಅಗಲ ಪರದೆಯಲ್ಲಿ ನೋಡಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಡಿಸೈನ್ ಟ್ಯಾಬ್‌ನಲ್ಲಿ ಅಳತೆ ಬದಲಿಸಬಹುದು. ಒಂದಕ್ಕೆ ಬದಲಿಸಿದೆ, ಬಾಣಗಳೆಲ್ಲ ಬೇರೆ ಎಲ್ಲಿಗೋ ಗುರಿಯಿಟ್ಟವು. ಉಳಿದ ನಾಲ್ಕನ್ನು ಹಾಗೇ ಬಿಟ್ಟೆ. ಕಪ್ಪು ಪಟ್ಟಿಯಿಂದ ಯಾರಿಗೂ ಸರಾಸರಿ ಅರ್ಥವಾಗದೆ ಹೋಗಲ್ಲ. ಫಾಂಟಿನದೂ ಒಂದು ಕಿರಿಕಿರಿ ಆಯಿತು: ಬೇಗ ಮುಗಿಯಲಿ ಅಂತ ಕೆಲವು ಫೈಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಎಕ್ಸ್‌ಪೋರ್ಟ್‌ಗೆ ಹಾಕಿದ್ದೆ, ಅಲ್ಲಿ ನನ್ನ ಫಾಂಟ್ ಇರಲಿಲ್ಲ, ಅಕ್ಷರಗಳು ಉಬ್ಬಿ ಚೌಕಟ್ಟಿನಿಂದ ಆಚೆ ಹೋದವು. ಫಾಂಟ್ ಇರುವ ಯಂತ್ರದಲ್ಲೇ ಎಕ್ಸ್‌ಪೋರ್ಟ್ ಮಾಡಿ. ಒಮ್ಮೆ ವಿಡಿಯೊ ಆದ ಮೇಲೆ ನೋಡುವವರ ಹತ್ತಿರ ಫಾಂಟ್ ಇರಲಿ ಬಿಡಲಿ ಚಿಂತೆಯಿಲ್ಲ. ಸ್ಲೈಡಿನೊಳಗಿನ ಲಿಂಕುಗಳು ಮಾತ್ರ ವಿಡಿಯೊದಲ್ಲಿ ಬರೀ ಚಿತ್ರವಾಗುತ್ತವೆ, ಒತ್ತಿದರೆ ಏನೂ ಆಗುವುದಿಲ್ಲ. ಅವನ್ನೆಲ್ಲ ಕೆಳಗಿನ ವಿವರಣೆಯಲ್ಲಿ ಬರೆದೆ.

ಇಷ್ಟೆಲ್ಲ ಆಗುವಷ್ಟರಲ್ಲಿ 15 ದಿನ. ಆಗ ನನಗೆ ಹೊಳೆದದ್ದು, ನಾನು 14 ಫೈಲನ್ನೂ ಒಟ್ಟಿಗೆ ಹಿಡಿದುಕೊಂಡು ಒಂದೊಂದು ಹಂತವನ್ನೂ ಎಲ್ಲಕ್ಕೂ ಮಾಡುತ್ತಾ ಬಂದಿದ್ದೇನೆ, ಹಾಗಾಗಿ ಒಂದೊಂದು ತಪ್ಪನ್ನೂ 14 ಸಲ ಮಾಡಿದ್ದೇನೆ ಅಂತ. ದಯವಿಟ್ಟು ಹೀಗೆ ಮಾಡಬೇಡಿ. ಅತಿ ಚಿಕ್ಕ ಪಾಠ ಒಂದನ್ನು ಎತ್ತಿಕೊಂಡು, ಎಕ್ಸ್‌ಪೋರ್ಟ್‌ನಿಂದ ಹಿಡಿದು ಯಾರದೋ ಫೋನಿನಲ್ಲಿ ಅದು ಓಡುವ ತನಕ ಪೂರ್ತಿ ಮಾಡಿ ಮುಗಿಸಿ. ಆಮೇಲೆ ಎರಡನೆಯದನ್ನು ಮುಟ್ಟಿ.

ಯೂಟ್ಯೂಬ್ ಭಾಗ ಸಲೀಸು ಅಂದುಕೊಂಡಿದ್ದೆ. ಮೊದಲನೆಯದೇ ತಿರಸ್ಕಾರ. ಫೋನ್ ನಂಬರ್ ಕೊಟ್ಟು ಖಾತೆ ದೃಢೀಕರಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಆಗುವುದಿಲ್ಲ. ನನ್ನವು ಒಂಬತ್ತು ಅದಕ್ಕಿಂತ ಉದ್ದ. ನಂಬರ್ ಕೊಟ್ಟು, ಬಂದ ಕೋಡ್ ಹಾಕಿದ ಮೇಲೆ ಮಿತಿ 12 ಗಂಟೆ ಅಥವಾ 256 ಜಿಬಿ, ಯಾವುದು ಕಡಿಮೆಯೋ ಅದು. ವಿಡಿಯೊಗೆ ನಮ್ಮದೇ ಮುಖಚಿತ್ರ ಹಾಕಲೂ ಈ ದೃಢೀಕರಣ ಬೇಕು. ಚಿತ್ರವನ್ನು 1280 ಅಡ್ಡ 720 ಅಳತೆಯಲ್ಲಿ ಮಾಡಿಟ್ಟುಕೊಳ್ಳಿ. ನಾನು ಮೊದಲ ಸ್ಲೈಡನ್ನೇ ಚಿತ್ರವಾಗಿ ಉಳಿಸಿ, ಪಾಠದ ಸಂಖ್ಯೆಯನ್ನು ದೊಡ್ಡದಾಗಿ ಬರೆದೆ, ಅಷ್ಟೇ.

ಅಪ್‌ಲೋಡ್ ಆಯಿತು. ತೆರೆದರೆ ಮಂಜು ಕವಿದ ಹಾಗೆ! ಸೂತ್ರದಲ್ಲಿ ಎಕ್ಸ್ ಯಾವುದು ವೈ ಯಾವುದು ಗೊತ್ತಾಗಲ್ಲ. ಎದೆ ಧಸಕ್ಕೆಂದಿತು. ಅಳಿಸಿ ಮತ್ತೆ ಹಾಕಿದೆ. ಮತ್ತೆ ಮಂಜು. ಮೂರನೇ ಸಲ ಹಾಕಿ ಸುಸ್ತಾಗಿ ಊಟಕ್ಕೆ ಹೋಗಿ ಬಂದು ನೋಡಿದರೆ ಕನ್ನಡಿಯ ಹಾಗೆ ಸ್ವಚ್ಛ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿ ತಯಾರಿಸಿ ತೋರಿಸುತ್ತದೆ, ಎಚ್‌ಡಿ ಪ್ರತಿ ಆಮೇಲೆ ನಿಧಾನಕ್ಕೆ ಬರುತ್ತದೆ. ಕಾದರೆ ಸಾಕಿತ್ತು. 14 ವಿಡಿಯೊ ಸೇರಿ ಎರಡೂವರೆ ಜಿಬಿಗಿಂತ ಸ್ವಲ್ಪ ಜಾಸ್ತಿ, ನನ್ನ ಅವಸರಕ್ಕೆ ನಾಲ್ಕು ಜಿಬಿ ಡೇಟಾ ಖರ್ಚಾಯಿತು.

ಮಕ್ಕಳಿಗಾಗಿ ಮಾಡಿದ್ದಾ ಅಂತ ಒಂದು ಪ್ರಶ್ನೆ ಕೇಳುತ್ತದೆ, ಉತ್ತರಿಸದೆ ಮುಂದೆ ಬಿಡುವುದಿಲ್ಲ. ವಿದ್ಯಾರ್ಥಿಗಳು ನನಗೆ ಮಕ್ಕಳೇ ತಾನೇ ಅಂತ ಹೌದು ಅಂದೆ. ಕಮೆಂಟ್ ಬರೆಯುವ ಜಾಗವೇ ಮುಚ್ಚಿಹೋಯಿತು. ಅದು ಚಿಕ್ಕ ಮಕ್ಕಳ ಕಾರ್ಯಕ್ರಮಗಳಿಗೆ. ಕಾಲೇಜು ಪಾಠಕ್ಕೆ ಅಲ್ಲ ಅನ್ನಿ. ಯಾರು ನೋಡಬಹುದು ಅನ್ನುವಲ್ಲಿ ನಾನು ಅನ್‌ಲಿಸ್ಟೆಡ್ ಆರಿಸಿದೆ. ಲಿಂಕ್ ಇದ್ದವರಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಪ್ರೈವೇಟ್ ಅಂತ ಕೊಟ್ಟರೆ ಒಬ್ಬೊಬ್ಬರ ಇಮೇಲನ್ನೂ ಸೇರಿಸಬೇಕಾಗುತ್ತದೆ, ಗೋಜಲು.

ನಾಲ್ಕನೇ ಪಾಠದ ಶುರುವಿಗೆ 12 ಸೆಕೆಂಡ್ ಒಂದು ವಾದ್ಯಸಂಗೀತ ಹಾಕಿದ್ದೆ, ಫೋನಿನಲ್ಲಿ ಇದ್ದದ್ದು. ಹಾಕಿದ ಸ್ವಲ್ಪ ಹೊತ್ತಿಗೆ ಹಕ್ಕುಸ್ವಾಮ್ಯದ ಸೂಚನೆ ಬಂತು. ಪೊಲೀಸರ ಪತ್ರ ಬಂದ ಹಾಗೆ ಕೈ ತಣ್ಣಗಾಯಿತು. ಆಮೇಲೆ ಓದಿ ತಿಳಿದುಕೊಂಡೆ: ಇದು ಕ್ಲೇಮ್, ಸ್ಟ್ರೈಕ್ ಅಲ್ಲ. ಸ್ಟ್ರೈಕ್ 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ಅಂದರೆ ಆ ಸಂಗೀತದ ಒಡೆಯರು ಇದು ನಮ್ಮದು ಅಂತ ಗುರುತು ಹಾಕಿದ್ದಾರೆ ಅಂತ ಅರ್ಥ. ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ಭಾಗ ಕತ್ತರಿಸಲು ಅವಕಾಶ ಇದೆ, ಕತ್ತರಿಸಿದೆ. ತಪ್ಪು ನನ್ನದೇ. ಸಂಗೀತ ಬೇಕೇಬೇಕು ಅನ್ನುವವರಿಗೆ ಸ್ಟುಡಿಯೊದ ಆಡಿಯೊ ಲೈಬ್ರರಿಯಲ್ಲಿ ತಕರಾರಿಲ್ಲದವು ಸಿಗುತ್ತವೆ. ಸಂಖ್ಯಾಶಾಸ್ತ್ರಕ್ಕೆ ಯಾಕೆ ಬೇಕು ಸಂಗೀತ ಅಂತ ಮಗಳು ಮೊದಲೇ ಕೇಳಿದ್ದಳು.

ಏಳನೇ ಪಾಠದಲ್ಲಿ ಒಂದು ಸೂತ್ರದ ಚಿಹ್ನೆ ತಪ್ಪಾಗಿತ್ತು, ಕೂಡಿಸುವ ಕಡೆ ಕಳೆದಿದ್ದೆ. ಆ ಒಂದು ಪಾಠದ ಲಿಂಕ್ ಆಗಲೇ ಎಲ್ಲರಿಗೂ ಹೋಗಿತ್ತು. ಅದೇ ಲಿಂಕಿನಲ್ಲಿ ಹಳೆಯ ವಿಡಿಯೊ ತೆಗೆದು ಹೊಸದನ್ನು ಕೂರಿಸಲು ಯೂಟ್ಯೂಬ್‌ನಲ್ಲಿ ಆಗುವುದಿಲ್ಲ. ಕತ್ತರಿಸಬಹುದು, ಬದಲಿಸಲಾಗದು. ಕೊನೆಗೆ ವಿವರಣೆಯ ಮೊದಲ ಸಾಲಲ್ಲಿ, ಕಮೆಂಟ್‌ಗಳ ಮೇಲೂ, ಇಷ್ಟನೇ ನಿಮಿಷದಲ್ಲಿ ಹೀಗೆ ತಿದ್ದಿಕೊಳ್ಳಿ ಅಂತ ಬರೆದು ಪಿನ್ ಮಾಡಿದೆ. ಹಾಗಾಗಿ ಲಿಂಕ್ ಹಂಚುವ ಮುಂಚೆ ಒಮ್ಮೆ ಶುರುವಿನಿಂದ ಕೊನೆಯ ತನಕ ನೀವೇ ಕೂತು ನೋಡಿ. ಬೇಜಾರಿನ ಕೆಲಸ. ನನ್ನ ಧ್ವನಿಯನ್ನೇ ನಾಲ್ಕೂವರೆ ಗಂಟೆ ಕೇಳುವ ಹಿಂಸೆ ಎಂಥದು ಅಂತ ಈಗ ನನ್ನ ವಿದ್ಯಾರ್ಥಿಗಳ ಮೇಲೆ ಗೌರವ ಬಂದಿದೆ. ಹೀಗೆ ನೋಡುವಾಗಲೇ ಒಂಬತ್ತನೇ ಪಾಠದಲ್ಲಿ ಬಾಗಿಲು ಬಡಿದ ಸದ್ದು, ನಾನು "ಬಂದೆ, ಬಂದೆ" ಅಂತ ಎದ್ದು ಹೋದದ್ದು, 20 ಸೆಕೆಂಡ್ ಮೌನ, ಮತ್ತೆ ಚಪ್ಪಲಿ ಎಳೆದುಕೊಂಡು ಬಂದದ್ದು, ಎಲ್ಲ ಸಿಕ್ಕಿದ್ದು. ಅಲ್ಲಿ ಕತ್ತರಿ ಹಾಕಿದೆ.

ಉದ್ದದ ವಿಡಿಯೊಗೆ ಅಧ್ಯಾಯಗಳನ್ನು ಮಾಡುವುದು ಸುಲಭ, ಇದನ್ನು ಬಿಡಬೇಡಿ. ವಿವರಣೆಯಲ್ಲಿ 0:00 ಇಂದ ಶುರು ಮಾಡಿ ಸಮಯ ಮತ್ತು ವಿಷಯ ಬರೆಯುತ್ತಾ ಹೋದರೆ ಸಾಕು. ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ನನ್ನ ಸ್ಲೈಡಿನ ಶೀರ್ಷಿಕೆಗಳನ್ನೇ ನಕಲು ಮಾಡಿದೆ.

ಉಪಶೀರ್ಷಿಕೆ ಮಾತ್ರ ಎಲ್ಲಕ್ಕೂ ಮಾಡಲಾಗಲಿಲ್ಲ. ಎಸ್‌ಆರ್‌ಟಿ ಅನ್ನುವ ಸಾದಾ ಪಠ್ಯ ಫೈಲು ಅದು, ಕ್ರಮಸಂಖ್ಯೆ, ಯಾವ ಕ್ಷಣದಿಂದ ಯಾವ ಕ್ಷಣದವರೆಗೆ, ಆಮೇಲೆ ಮಾತು. ಸ್ಲೈಡಿನ ಕೆಳಗಿನ ನೋಟ್ಸ್‌ನಲ್ಲಿ ನಾನು ಮಾತನ್ನು ಬರೆದಿಟ್ಟುಕೊಂಡಿದ್ದ ನಾಲ್ಕು ಪಾಠಗಳಿಗೆ ಮಾಡಿದೆ. ಆದರೂ 20 ನಿಮಿಷಕ್ಕೆ ಎರಡೂವರೆ ಗಂಟೆ ಹಿಡಿಯಿತು. ಮೊದಲನೆಯದನ್ನು ಏರಿಸಿದಾಗ ಪರದೆ ತುಂಬಾ ಬರೀ ಪ್ರಶ್ನಾರ್ಥಕ ಚಿಹ್ನೆ. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಬಗೆ, ಯುಟಿಎಫ್-8 ಇರಬೇಕು, ನಾನು ಕನ್ನಡ ಅಕ್ಷರ ಹಿಡಿಯದ ಆನ್ಸಿಯಲ್ಲಿ ಉಳಿಸಿದ್ದೆ. ಕನ್ನಡದಲ್ಲಿ ಮಾಡುವವರು ಇದನ್ನು ಮೊದಲು ನೋಡಿಕೊಳ್ಳಿ. ಉಳಿದ ಹತ್ತಕ್ಕೆ ರಜೆಯಲ್ಲಿ ಮಾಡುತ್ತೇನೆ ಅಂತ ಹೇಳಿಕೊಂಡಿದ್ದೇನೆ, ನೋಡೋಣ.

ನಿನ್ನೆ 14 ಪಾಠಗಳ ಲಿಂಕನ್ನೂ ಆ ಹುಡುಗಿಗೇ ಮೊದಲು ಕಳಿಸಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು: "ಸರ್, ಮಾತು ಚೆನ್ನಾಗಿ ಕೇಳ್ತಿದೆ. 11ನೇ ಪಾಠದಲ್ಲಿ ಒಂದು ದೊಡ್ಡ ಟೇಬಲ್ ಇದೆಯಲ್ಲ, ಅದು ಮಾತ್ರ ಫೋನಲ್ಲಿ ಓದೋಕಾಗ್ತಿಲ್ಲ." ತೆರೆದು ನೋಡಿದೆ. 12 ಅಡ್ಡಸಾಲು, 9 ಕಂಬಸಾಲು, ಅಕ್ಷರ ಸಾಸಿವೆಯಷ್ಟು. ಲ್ಯಾಪ್‌ಟಾಪಿನ ದೊಡ್ಡ ಪರದೆಯಲ್ಲೇ ಎಲ್ಲವನ್ನೂ ಪರೀಕ್ಷಿಸಿದ್ದೆ, ಅಂಗೈಯಲ್ಲಿ ಹಿಡಿದು ನೋಡಿರಲಿಲ್ಲ. ಇವತ್ತು ಸಂಜೆ ಆ ಸ್ಲೈಡನ್ನು ಮೂರು ಮಾಡಿದ್ದೇನೆ. ಬೀರುವಿನ ಮುಂದೆ ಮೈಕ್ ಸಿಕ್ಕಿಸಿಕೊಂಡು ಕೂತಿದ್ದೇನೆ, ಪಕ್ಕದ ಮನೆಯ ನಾಯಿ ಸುಮ್ಮನಾಗಲಿ ಅಂತ ಕಾಯುತ್ತಾ ಇಷ್ಟು ಬರೆದೆ.